ರಿಪೇರಿ ಮಾಡೋಕೆ ಹೋಗಿ ಕಳಕೊಂಡ ಲ್ಯಾಂಡರ್

(1)
ಫೋನ್‌ಗೆ ಅಪ್‌ಡೇಟ್ ಬಂತು ಅಂದ್ರೆ ನೀವು ಯೋಚನೆ ಮಾಡದೆ ಓಕೆ ಒತ್ತಿಬಿಡ್ತೀರಿ. ಆ ಧೈರ್ಯ ಎಲ್ಲಿಂದ ಬಂತು ಗೊತ್ತಾ? ಜಾಗದಿಂದ. 2016ರ ಆಂಡ್ರಾಯ್ಡ್ 7ರಿಂದ ಈಚೆಗೆ ಎಷ್ಟೋ ಫೋನ್‌ಗಳಲ್ಲಿ ಸಿಸ್ಟಮ್‌ಗೆ ಅಂತ ಎರಡು ಕೋಣೆ ಇರುತ್ತವೆ. ಒಂದರಲ್ಲಿ ಹಳೆಯದು ನಡೀತಾ ಇರುತ್ತೆ, ಇನ್ನೊಂದರಲ್ಲಿ ಹೊಸದು ಸದ್ದಿಲ್ಲದೆ ಬಂದು ಕೂರುತ್ತೆ. ಹೊಸದು ಎದ್ದು ನಿಲ್ಲಲಿಲ್ಲ ಅಂದ್ರೆ ಮತ್ತೆ ಹಳೆಯದಕ್ಕೇ ವಾಪಸ್.

ಈಗ ಎರಡನೇ ಕೋಣೆಗೆ ಜಾಗವೇ ಇಲ್ಲ ಅಂದುಕೊಳ್ಳಿ. ಇರೋ ಒಂದೇ ಕೋಣೆಯಲ್ಲಿ ಹಳೆಯದನ್ನ ಅಳಿಸಿ ಹೊಸದನ್ನ ಬರೀಬೇಕು. ಜೊತೆಗೆ ಆ ಯಂತ್ರ ಇರೋದು ಮಂಗಳ ಗ್ರಹದಲ್ಲಿ.

ಮೊದಲ ಫೋಟೊ ನೋಡಿ. ಕಲ್ಲುಗಳ ಪಕ್ಕ ಒಂದು ಲೋಹದ ಪಾದ. 1976ರ ಜುಲೈ 20ರಂದು ಇಳಿದ ಕೆಲವೇ ನಿಮಿಷಗಳಲ್ಲಿ ವೈಕಿಂಗ್ 1 ಲ್ಯಾಂಡರ್ ತನ್ನದೇ ಕಾಲಿನ ಫೋಟೊ ತೆಗೆದು ಕಳಿಸಿತ್ತು. ಈ ಕಥೆ ಅದರದ್ದೇ.

(2)
90 ದಿನ ಕೆಲಸ ಮಾಡಿದ್ರೆ ಸಾಕು ಅಂತ ಮಾಡಿದ್ದ ಯಂತ್ರ ಅದು. ಆರು ವರ್ಷ ದಾಟಿಸ್ತು! ಅದರ ಅವಳಿ ವೈಕಿಂಗ್ 2 ಲ್ಯಾಂಡರ್ 1980ರಲ್ಲೇ ನಿಂತುಹೋಯಿತು. ಮೇಲೆ ಸುತ್ತುತ್ತಿದ್ದ ಆರ್ಬಿಟರ್‌ಗಳೂ ಅಷ್ಟರಲ್ಲಿ ಮುಗಿದಿದ್ದವು. ಹಾಗಾಗಿ 1982ರ ಹೊತ್ತಿಗೆ ಮಂಗಳದಿಂದ ಹವಾಮಾನ, ಫೋಟೊ ಕಳಿಸೋಕೆ ಉಳಿದಿದ್ದದ್ದು ಇದೊಂದೇ.

ಇದಕ್ಕೆ ಥಾಮಸ್ ಮಚ್ ಅನ್ನೋ ಭೂವಿಜ್ಞಾನಿಯ ಹೆಸರಿಟ್ಟಿದ್ರು. ವೈಕಿಂಗ್‌ನ ಫೋಟೊ ತಂಡದ ಮುಖ್ಯಸ್ಥರು ಅವರು. 1980ರಲ್ಲಿ ನಮ್ಮ ಹಿಮಾಲಯದ ನುನ್ ಶಿಖರ ಹತ್ತಿ ಇಳಿಯುವಾಗ ತೀರಿಕೊಂಡರು. ಮಂಗಳದ ನೆಲವನ್ನ ನಮಗೆ ತೋರಿಸಿದ ಮನುಷ್ಯ ಇಲ್ಲೇ, ನಮ್ಮ ಬೆಟ್ಟಗಳಲ್ಲೇ ಉಳಿದುಬಿಟ್ರು ಅನ್ನೋದು ಓದಿದಾಗಿಂದ ನನ್ನ ತಲೆಯಿಂದ ಹೋಗಿಲ್ಲ.

ಲ್ಯಾಂಡರ್‌ನ ಕಂಪ್ಯೂಟರ್‌ಗೆ ಇದ್ದ ಮೆಮೊರಿ 18ಕೆ ಪದಗಳು, ಒಂದೊಂದು ಪದ 24 ಬಿಟ್. ಇವತ್ತಿನ ಲೆಕ್ಕದಲ್ಲಿ ಸುಮಾರು 55 ಕೆಬಿ. ಫ್ಯಾಮಿಲಿ ಗ್ರೂಪ್‌ಗೆ ಬರೋ ಗುಡ್ ಮಾರ್ನಿಂಗ್ ಫೋಟೊ ಅದಕ್ಕಿಂತ ದೊಡ್ಡದಿರುತ್ತೆ. ಇಳಿಯೋದು, ಕ್ಯಾಮೆರಾ, ಹವಾಮಾನ, ಬ್ಯಾಟರಿ, ಭೂಮಿ ಜೊತೆ ಮಾತು, ಎಲ್ಲ ಅಷ್ಟರಲ್ಲೇ ನಡೀಬೇಕಿತ್ತು.

(3)
ಬ್ಯಾಟರಿಗಳಿಗೆ ವಯಸ್ಸಾಗಿತ್ತು. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಹಳೆಯದಾದಂತೆ ಚಾರ್ಜ್ ಹಿಡಿಯೋ ಶಕ್ತಿ ಕಡಿಮೆ ಆಗುತ್ತೆ. ಚಾರ್ಜ್ ಮಾಡೋ ವಿಧಾನ ಬದಲಾಯಿಸಿದ್ರೆ ಇನ್ನಷ್ಟು ಕಾಲ ಬಾಳಿಸಬಹುದು. ಅದಕ್ಕೆ ಹೊಸ ಸಾಫ್ಟ್‌ವೇರ್ ಬರೆದು 1982ರ ನವೆಂಬರ್‌ನಲ್ಲಿ ಕಳಿಸಿದ್ರು. ಉದ್ದೇಶ ಒಳ್ಳೆಯದೇ, ಯಂತ್ರದ ಆಯುಷ್ಯ ಹೆಚ್ಚಿಸೋದು.

ಆದ್ರೆ ಹೊಸದು ಹೋಗಿ ಕೂತ ಜಾಗದಲ್ಲಿ ಇನ್ನೊಂದು ವಿಷಯ ಇತ್ತು. ಆಂಟೆನಾವನ್ನ ಭೂಮಿ ಕಡೆ ತಿರುಗಿಸೋಕೆ ಬೇಕಾದ ಡೇಟಾ.

ಇದು ಯಾಕೆ ಅಷ್ಟು ದೊಡ್ಡ ವಿಷಯ ಅಂತ ಸ್ವಲ್ಪ ಹೇಳ್ತೀನಿ. ಮಂಗಳದ ಆಕಾಶದಲ್ಲಿ ನಮ್ಮ ಭೂಮಿ ಒಂದು ಚುಕ್ಕಿ, ಅದೂ ಪ್ರತಿದಿನ ಜಾಗ ಬದಲಾಯಿಸೋ ಚುಕ್ಕಿ. ಎಷ್ಟು ಹೊತ್ತಿಗೆ ಎಲ್ಲಿರುತ್ತೆ ಅಂತ ಲೆಕ್ಕ ಹಾಕಿ ಲ್ಯಾಂಡರ್ ತನ್ನ ಡಿಶ್ ತಿರುಗಿಸಬೇಕು. ಸಂದೇಶ ದಾಟಿಸೋಕೆ ಮೇಲೆ ಆರ್ಬಿಟರ್ ಬೇರೆ ಇಲ್ಲ. ಡಿಶ್ ತಪ್ಪಿದ್ರೆ ಮುಗೀತು.

ಮುಗಿದೇ ಹೋಯ್ತು. ಡಿಶ್ ಎತ್ತ ನೋಡ್ತಿರಬಹುದು ಅಂತ ಊಹೆ ಮಾಡಿ ಸುಮಾರು ನಾಲ್ಕು ತಿಂಗಳು ಕರೆದ್ರು. ಉತ್ತರ ಬರಲಿಲ್ಲ. ನಾವು ಬಿಕಾಂನವರು ಲೆಡ್ಜರ್‌ನಲ್ಲಿ ತಪ್ಪಾದ್ರೆ ಹಳೇ ಎಂಟ್ರಿ ಅಳಿಸಲ್ಲ, ಕೆಳಗೆ ಇನ್ನೊಂದು ತಿದ್ದುಪಡಿ ಎಂಟ್ರಿ ಹಾಕ್ತೀವಿ. ಅದಕ್ಕೆ ಪುಸ್ತಕದಲ್ಲಿ ಖಾಲಿ ಸಾಲು ಇರಬೇಕು, ಜೊತೆಗೆ ಪುಸ್ತಕ ನಮ್ಮ ಕೈಯಲ್ಲಿರಬೇಕು. ಆ ಡೇಟಾ ಅಳಿಸಿದ ಕ್ಷಣಕ್ಕೆ ಪುಸ್ತಕವೇ ಕೈ ತಪ್ಪಿತ್ತು.

ಅದಾದ ಮೇಲೆ 1997ರ ಜುಲೈ 4ರಂದು ಪಾತ್‌ಫೈಂಡರ್ ಇಳಿಯೋವರೆಗೂ ಮಂಗಳದ ನೆಲದಿಂದ ಒಂದು ಮಾತೂ ಬರಲಿಲ್ಲ. ಹತ್ತಿರ ಹತ್ತಿರ 15 ವರ್ಷ.

(4)
"ಮೆಮೊರಿ ಕಮ್ಮಿ ಇತ್ತು, ಅದಕ್ಕೇ ಹೀಗಾಯ್ತು" ಅಂತ ಹೇಳಿಬಿಡೋದು ಸುಲಭ. ನಾನು ಒಪ್ಪಲ್ಲ. ಲ್ಯಾಬ್‌ನಲ್ಲಿ ಸೈನ್ಸ್‌ನವರ ಕೈಯಲ್ಲಿ ಇರುತ್ತಲ್ಲ ಆರ್ಡುಯಿನೊ ಉನೊ, ಅದನ್ನೇ ತಗೊಳ್ಳಿ. ಪ್ರೋಗ್ರಾಂಗೆ 32 ಕೆಬಿ, ಕೆಲಸ ಮಾಡೋಕೆ ರ‍್ಯಾಮ್ ಬರೀ 2 ಕೆಬಿ. ಹೊಸ ಪ್ರೋಗ್ರಾಂ ಪೂರ್ತಿ ರ‍್ಯಾಮ್‌ನಲ್ಲಿ ಹಿಡಿಸೋದೇ ಇಲ್ಲ. ಹಾಗಾಗಿ 128 ಬೈಟ್ ತುಂಡು ತುಂಡಾಗಿ ಇಸ್ಕೊಂಡು ಹಳೆಯದರ ಮೇಲೆ ಬರೀತಾ ಹೋಗುತ್ತೆ. ಮಧ್ಯದಲ್ಲಿ ವೈರ್ ಕಿತ್ತುಬಿಟ್ರೆ ಅರ್ಧ ಹಳೇದು, ಅರ್ಧ ಹೊಸದು. ಆದ್ರೂ ಬೋರ್ಡ್ ಸಾಯಲ್ಲ, ಮತ್ತೆ ಅಪ್‌ಲೋಡ್ ಮಾಡಬಹುದು. ಯಾಕಂದ್ರೆ ಕೊನೆಯ ಅರ್ಧ ಕೆಬಿಯಲ್ಲಿ ಬೂಟ್‌ಲೋಡರ್ ಅಂತ ಒಂದು ಪುಟ್ಟ ಕೋಡ್ ಕೂತಿದೆ. ಹೊಸದನ್ನ ಇಸ್ಕೊಂಡು ಬರೆಯೋದೇ ಅದರ ಕೆಲಸ. ಆ ಜಾಗಕ್ಕೆ ಬೀಗ ಹಾಕಿರ್ತಾರೆ, ಮಾಮೂಲಿ ಅಪ್‌ಲೋಡ್ ಅದನ್ನ ಮುಟ್ಟೋಕಾಗಲ್ಲ.

ಅಂದ್ರೆ ಇಡೀ ಮನೆಗೆ ಇನ್ನೊಂದು ಕಾಪಿ ಬೇಕಿಲ್ಲ. ಬಾಗಿಲು ತೆಗೆಯೋನು ಒಬ್ಬ ಉಳಿದ್ರೆ ಸಾಕು. ವೈಕಿಂಗ್‌ನಲ್ಲಿ ಅಳಿದದ್ದು ಬಾಗಿಲ ಲೆಕ್ಕವೇ.

(5)
ಈಗ 2023ಕ್ಕೆ ಬನ್ನಿ. 1977ರಲ್ಲಿ ಹೊರಟ ವಾಯೇಜರ್ 2, ಸುಮಾರು 2,000 ಕೋಟಿ ಕಿಲೋಮೀಟರ್ ದೂರ. ಜುಲೈ 21ರಂದು ಕಳಿಸಿದ ಕಮಾಂಡ್‌ಗಳಲ್ಲಿ ಏನೋ ತಪ್ಪಾಗಿ ಅದರ ಆಂಟೆನಾ ಭೂಮಿಯಿಂದ 2 ಡಿಗ್ರಿ ಆಚೆ ತಿರುಗಿಬಿಡ್ತು. ಮಾತು ಬಂದ್! ವೈಕಿಂಗ್ ಕಥೆಯೇ ಮತ್ತೆ ಅನ್ಸುತ್ತೆ ಅಲ್ವಾ?

ಆದ್ರೆ ವಾಯೇಜರ್‌ಗೆ ಒಂದು ಅಭ್ಯಾಸ ಕಲಿಸಿದ್ರು. ವರ್ಷಕ್ಕೆ ಕೆಲವು ಸಲ, ಯಾರೂ ಹೇಳದಿದ್ರೂ, ತಾನೇ ದಿಕ್ಕು ಸರಿ ಮಾಡ್ಕೊಂಡು ಭೂಮಿ ಕಡೆ ತಿರುಗೋದು. ಮುಂದಿನ ಸರದಿ ಅಕ್ಟೋಬರ್ 15ಕ್ಕಿತ್ತು. ಅಲ್ಲಿವರೆಗೂ ಕಾಯಬೇಕಾಗಲಿಲ್ಲ. ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಜೋರಾಗಿ ಕೂಗಿದ್ರು, 18.5 ಗಂಟೆ ಕಳೆದ ಮೇಲೆ ಆ ಕೂಗು ತಲುಪಿ ನೌಕೆ ತಿರುಗಿತು, ಆಗಸ್ಟ್ 4ಕ್ಕೆ ಡೇಟಾ ಬಂತು.

ಅದೇ ಅಕ್ಟೋಬರ್‌ನಲ್ಲಿ ಎರಡೂ ವಾಯೇಜರ್‌ಗೆ ಒಂದು ಸಾಫ್ಟ್‌ವೇರ್ ಪ್ಯಾಚ್ ಕಳಿಸಬೇಕಿತ್ತು. ಪ್ಯಾಚ್ ಯಾವುದಾದ್ರೂ ಮುಖ್ಯ ಕೋಡ್ ಮೇಲೆ ಬಿದ್ದು ಅಳಿಸಿಬಿಡಬಹುದು ಅನ್ನೋ ಭಯವನ್ನ ನಾಸಾ ಬಾಯಿಬಿಟ್ಟೇ ಹೇಳಿತ್ತು. ಆದ್ದರಿಂದ ಮೊದಲು ವಾಯೇಜರ್ 2ಕ್ಕೆ ಕಳಿಸಿದ್ರು. ಮೆಮೊರಿಯಲ್ಲಿ ಏನೇನು ಬರೆದಿದೆ ಅಂತ ವಾಪಸ್ ತರಿಸಿ ನೋಡಿ, ಆಮೇಲೆ ಬಳಸೋ ಯೋಜನೆ. ಹೆಚ್ಚು ದೂರ ಹೋಗಿರೋ, ಹೆಚ್ಚು ಬೆಲೆಯ ಡೇಟಾ ಕೊಡೋ ವಾಯೇಜರ್ 1ಕ್ಕೆ ಆಮೇಲೆ. ತಂಗಿ ಮೊದಲು ರುಚಿ ನೋಡಿದ ಹಾಗೆ. ಸ್ವಲ್ಪ ಕ್ರೂರ, ಆದ್ರೆ ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ.

(6)
ಮುಂದಿನ ತಿಂಗಳೇ ವಾಯೇಜರ್ 1 ಕೈಕೊಟ್ಟಿತು. ಪ್ಯಾಚ್‌ನಿಂದಲ್ಲ, ಒಂದು ಚಿಪ್ ಕೆಟ್ಟು. 2023ರ ನವೆಂಬರ್ 14ರಿಂದ ಸಿಗ್ನಲ್ ಬರ್ತಿತ್ತು, ಅರ್ಥ ಇರ್ತಿರಲಿಲ್ಲ. ಡೇಟಾ ಕಟ್ಟಿ ಕಳಿಸೋ ಎಫ್‌ಡಿಎಸ್ ಅನ್ನೋ ಕಂಪ್ಯೂಟರ್‌ನ ಮೆಮೊರಿ 16 ಕೆಬಿ ಅಷ್ಟೇ. 2024ರ ಮಾರ್ಚ್ 1ರಂದು ಅದಕ್ಕೆ ಒಂದು ಕಮಾಂಡ್ ಕಳಿಸಿ ಸ್ವಲ್ಪ ತಿವಿದ್ರು. ಮಾರ್ಚ್ 3ರಂದು ಬಂದ ಸಿಗ್ನಲ್ ಬಿಡಿಸಿ ನೋಡಿದ್ರೆ, ಒಳಗೆ ಇಡೀ ಎಫ್‌ಡಿಎಸ್ ಮೆಮೊರಿಯ ಪ್ರತಿ! ಹಳೆಯದರ ಜೊತೆ ಹೋಲಿಸಿದಾಗ ಸುಮಾರು 3 ಪರ್ಸೆಂಟ್ ಹಾಳಾಗಿರೋದು ಗೊತ್ತಾಯ್ತು.

ಆ ಕೋಡ್ ಎತ್ತಿ ಬೇರೆ ಕಡೆ ಇಡಬೇಕು. ಪೂರ್ತಿ ಹಿಡಿಸೋ ಖಾಲಿ ಜಾಗ ಮಾತ್ರ ಒಂದೂ ಇಲ್ಲ. ಜನರಲ್ ಬೋಗಿಯಲ್ಲಿ ಒಂದೇ ಮನೆಯವರು ಬೇರೆ ಬೇರೆ ಕಡೆ ಕೂತ್ಕೊಳ್ಳಲ್ವಾ, ಹಾಗೆ ಕೋಡ್ ತುಂಡು ಮಾಡಿ ಸಿಕ್ಕ ಸಿಕ್ಕ ಸಂದಿಯಲ್ಲಿ ಕೂರಿಸಿದ್ರು. ಒಂದು ತುಂಡು ಮುಗಿದ ಮೇಲೆ ಇನ್ನೊಂದು ಎಲ್ಲಿದೆ ಅಂತ ಗೊತ್ತಾಗಬೇಕು, ಹಳೇ ವಿಳಾಸಕ್ಕೆ ಹೋಗ್ತಿದ್ದ ಉಳಿದ ಕೋಡ್‌ಗೂ ಹೊಸ ವಿಳಾಸ ಕೊಡಬೇಕು. ಒಂದು ವಿಳಾಸ ಬಿಟ್ಟುಹೋದ್ರೂ ಕೆಟ್ಟಿತು. ಎಲ್ಲವನ್ನೂ ಒಂದೇ ಸಲ ಬದಲಾಯಿಸೋ ಆಸೆಗೂ ಹೋಗಲಿಲ್ಲ. ಮೊದಲು ನೌಕೆಯ ಸ್ವಂತ ಆರೋಗ್ಯದ ವರದಿ ಕಳಿಸೋ ಭಾಗ ಮಾತ್ರ. ಅದು ಬಂದ್ರೆ ತಾನೇ ಮುಂದಿನದ್ದು ಸರಿಹೋಯ್ತಾ ಅಂತ ತಿಳಿಯೋದು!

ಏಪ್ರಿಲ್ 18ರಂದು ಕಳಿಸಿದ್ರು. ಹೋಗೋಕೆ 22.5 ಗಂಟೆ, ಬರೋಕೆ ಇನ್ನೊಂದು 22.5 ಗಂಟೆ. ಏಪ್ರಿಲ್ 20ರಂದು, ಐದು ತಿಂಗಳ ಮೇಲೆ ಮೊದಲ ಸಲ, ಓದೋಕೆ ಬರೋ ವರದಿ ಬಂತು. ಕೊನೆಯ ಫೋಟೊ ಅವತ್ತಿನದ್ದು, ಮೀಟಿಂಗ್ ರೂಮಲ್ಲಿ ಕೈ ಎತ್ತಿ ಕೂಗ್ತಿರೋ ತಂಡ. ಜೂನ್ ಹೊತ್ತಿಗೆ ಆಗ ನಡೀತಿದ್ದ ನಾಲ್ಕೂ ಉಪಕರಣಗಳ ಡೇಟಾ ಬರೋಕೆ ಶುರುವಾಗಿತ್ತು. ಕೆಟ್ಟ ಚಿಪ್ ಅಲ್ಲೇ ಇದೆ, ಅದನ್ನ ಯಾರೂ ಮುಟ್ಟೋಕೆ ಹೋಗಿಲ್ಲ.