ತೂಕದಲ್ಲಿ ಸಿಗದ ಸೋಲು

ಶಿಕಾರಿಪುರ, ಸೊರಬದ ಕಡೆ ಎಪ್ಪತ್ತು ದಾಟಿದವರ ತೊಡೆ ಸೊರಗಿ, ಜಗಲಿಯಿಂದ ಏಳಲು ಕಂಬ ಹಿಡಿಯುವಂತಾದರೆ ಮನೆಯವರು ‘ವಯಸ್ಸಾಯ್ತು ಬಿಡಿ’ ಎನ್ನುತ್ತಾರೆ. ವೈದ್ಯಶಾಸ್ತ್ರವೂ ಬಹುಕಾಲ ಹಾಗೆಯೇ ಅಂದುಕೊಂಡಿತ್ತು. ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ‘ಸಾರ್ಕೊಪೀನಿಯ’ ಎಂಬ ಹೆಸರನ್ನು ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಸೂಚಿಸಿದ್ದು 1980ರ ದಶಕದ ಕೊನೆಯಲ್ಲಿ. ಹತ್ತು ವರ್ಷಗಳ ಬಳಿಕ, 1998ರಲ್ಲಿ, ನ್ಯೂ ಮೆಕ್ಸಿಕೊದ ಹಿರಿಯರ ಸಮೀಕ್ಷೆಯೊಂದು ಕೈಕಾಲುಗಳ ಸ್ನಾಯುರಾಶಿಯನ್ನು ಎತ್ತರಕ್ಕೆ ಹೋಲಿಸಿ, ಇಷ್ಟಕ್ಕಿಂತ ಕಡಿಮೆಯಿದ್ದರೆ ತೊಂದರೆ ಎಂದು ಗೆರೆ ಎಳೆಯಿತು. ಆದರೆ ಸ್ನಾಯು ಎಷ್ಟಿದೆ ಎನ್ನುವುದೂ ಅದರಿಂದ ಎಷ್ಟು ಕೆಲಸವಾಗುತ್ತದೆ ಎನ್ನುವುದೂ ಒಂದೇ ಅಲ್ಲ. ಎಪ್ಪತ್ತು ದಾಟಿದ ಅಮೆರಿಕನ್ನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ನಾಯುರಾಶಿ ಕುಗ್ಗಿದ್ದಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಕಾಲಿನ ಕಸುವು ಕುಗ್ಗಿತ್ತು. ಯುರೋಪಿನ ತಜ್ಞರ ಗುಂಪು 2010ರಲ್ಲಿ ಕಸುವನ್ನೂ ಲೆಕ್ಕಕ್ಕೆ ತಂದಿತು; 2018ರಲ್ಲಿ ಅದನ್ನೇ ಮೊದಲ ಲಕ್ಷಣವಾಗಿಸಿತು. ಈ ಕ್ಷೇತ್ರದ ಅತಿ ಮುಖ್ಯ ತಿರುವು ಇದೇ ಎಂದು ನನ್ನ ಎಣಿಕೆ. ಸ್ನಾಯುರಾಶಿ ಅಳೆಯುವ ದುಬಾರಿ ಸ್ಕ್ಯಾನ್ ಯಂತ್ರವಿಲ್ಲದ ಊರಿಗೂ ರೋಗವನ್ನು ಗುರುತಿಸುವ ದಾರಿ ಅಲ್ಲಿಂದ ತೆರೆಯಿತು.

ಮುಪ್ಪನ್ನು ತಡೆಯಲಾದೀತೇ ಎನ್ನುವವರಿಗೆ ಉತ್ತರ ವ್ಯಾಖ್ಯೆಗಳಿಗಿಂತ ಮೊದಲೇ ಸಿಕ್ಕಿತ್ತು. 1990ರಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ಬೆರಳೆಣಿಕೆಯ ವೃದ್ಧರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. 1994ರಲ್ಲಿ ನೂರು ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಬರೀ ಪೌಷ್ಟಿಕ ಪೇಯ ಕುಡಿದವರಿಗೆ ಅಂಥ ಲಾಭವಾಗಲಿಲ್ಲ, ಭಾರ ಎತ್ತಿದವರಿಗೆ ಆಯಿತು. ಡಬ್ಬಿ ಪುಡಿಯ ಜಾಹೀರಾತುಗಳು ಈ ಎರಡನೆಯ ಪ್ರಯೋಗದ ಮಾತನ್ನು ಹೇಳುವುದಿಲ್ಲ.

ನಮ್ಮ ಕಡೆ ಎದುರಾಗುವ ದೊಡ್ಡ ಆಕ್ಷೇಪ ಬೇರೆಯೇ: ಗದ್ದೆ, ತೋಟಗಳಲ್ಲಿ ಬಾಳೆಲ್ಲ ದುಡಿದವರಿಗೆ ವ್ಯಾಯಾಮದ ಪಾಠವೇಕೆ? ಮಾತಿನಲ್ಲಿ ಹುರುಳಿದೆ. ಬಗ್ಗಿ ನಾಟಿ ಮಾಡಿ, ಹೊರೆ ಹೊತ್ತ ಕಾಲು ಪೇಟೆಯವರ ಕಾಲಿಗಿಂತ ಗಟ್ಟಿಯೇ. ಆದರೆ ಸ್ನಾಯು ಹಳೆಯ ದುಡಿಮೆಯನ್ನು ಕೂಡಿಟ್ಟುಕೊಳ್ಳುವುದಿಲ್ಲ. ನಾಟಿ, ಒಕ್ಕಣೆಗಳಿಗೆ ಯಂತ್ರ ಬಂದಿದೆ. ಮಕ್ಕಳು ಬೇಸಾಯ ನೋಡಿಕೊಂಡ ಮೇಲೆ ಹಿರಿಯರು ಜಗಲಿಗೆ ಸರಿಯುತ್ತಾರೆ. ಅದರ ಮೇಲೆ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮೈಕೈ ನೋವಿನಿಂದ ಹಿಂಡಿ, ಚೇತರಿಕೆಗೆ ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಜ್ವರ ಬಿಟ್ಟರೆ ಗೆದ್ದೆವೆಂದುಕೊಳ್ಳುತ್ತೇವೆ. ಹಾಸಿಗೆ ಕಿತ್ತುಕೊಂಡದ್ದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರೇ ಹತ್ತು ದಿನ ಮಲಗಿದ್ದಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೊ ಸ್ನಾಯು ಕಳೆದುಕೊಂಡರು.

ಊಟದ ವಿಷಯದಲ್ಲಿ ದಾರಿ ತೋರಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಸೇಂಟ್ ಜಾನ್ಸ್‌ನ ಅನುರಾ ಕುರ್ಪಾಡ್ ಮತ್ತು ಸಂಗಡಿಗರು, ವಯಸ್ಕ ಭಾರತೀಯರಿಗೆ ಲೈಸಿನ್ ಎಂಬ ಅಮೈನೊ ಆಮ್ಲ ದಿನಕ್ಕೆ ಪ್ರತಿ ಕಿಲೊ ದೇಹತೂಕಕ್ಕೆ ಸುಮಾರು 30 ಮಿಲಿಗ್ರಾಂ ಬೇಕೆಂದು ಕಂಡುಕೊಂಡರು; 1985ರ ಅಂತಾರಾಷ್ಟ್ರೀಯ ವರದಿ ಹೇಳಿದ್ದು 12. 2007ರ ವರದಿ 30ನ್ನೇ ಒಪ್ಪಿತು. ಅಕ್ಕಿಯಲ್ಲಿ ಕೊರತೆಯಾಗುವುದು ಈ ಲೈಸಿನ್ನೇ, ಹುರುಳಿ, ಅಲಸಂದೆ, ಬೇಳೆಗಳಲ್ಲಿ ಅದು ಧಾರಾಳ. ಹಾಗಾಗಿ ಹಲ್ಲಿಲ್ಲದ ಅಜ್ಜನಿಗೆ ಗಂಜಿ, ಉಪ್ಪಿನಕಾಯಿ ಬಡಿಸಿ ‘ಹಗುರ ಊಟ’ ಎಂದು ಸಮಾಧಾನಪಡುವುದು ತಪ್ಪು ಉಪಚಾರ. ಹಿರಿಯರಿಗೆ ದಿನಕ್ಕೆ ಪ್ರತಿ ಕಿಲೊ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂಬುದು 2013ರ ತಜ್ಞರ ಸಲಹೆ. ಐವತ್ತು ಕಿಲೊ ತೂಗುವವರಿಗೆ 50ರಿಂದ 60 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿ ಸಿಗುವುದು ಎಂಟರ ಸುಮಾರು, ಅಷ್ಟೇ ಹುರುಳಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು. ಮೂತ್ರಪಿಂಡ ಕೆಡುತ್ತದೆಂಬ ಭಯ ಆಗಲೇ ಆ ಕಾಯಿಲೆಯಿರುವವರಿಗೆ ಸಲ್ಲುತ್ತದೆ, ಅವರು ವೈದ್ಯರನ್ನು ಕೇಳಿಯೇ ಪ್ರಮಾಣ ನಿಗದಿ ಮಾಡಿಕೊಳ್ಳಬೇಕು. ಉಳಿದವರು ಹುರುಳಿ ಕಟ್ಟಿನ ಸಾರಿಗೆ ನಿಲ್ಲದೆ ಕಾಳನ್ನೂ ತಿನ್ನಲಿ. ಮೊಟ್ಟೆ, ಮೀನು, ಹಾಲು ರೂಢಿಯಿದ್ದಂತೆ.

ಕಸುವು ಕುಗ್ಗಿದೆಯೇ ಎಂದು ತಿಳಿಯಲು ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಪರೀಕ್ಷೆಗೆ ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ. ಕೈ ಊರದೆ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅನುಮಾನಿಸಬೇಕು. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳ ಆಸ್ಪತ್ರೆ, ಉಪಕೇಂದ್ರಗಳಲ್ಲಿ ಬಿಪಿ, ಸಕ್ಕರೆಯ ಜೊತೆಗೆ ಇದನ್ನೂ ಬರೆದಿಡಲಿ. ದಿನಾ ಒಂದಿಷ್ಟು ಸಲ ಕುರ್ಚಿಯಿಂದ ಏಳುವುದನ್ನೇ ವ್ಯಾಯಾಮವಾಗಿ ಹೇಳಿಕೊಟ್ಟು, ಜ್ವರದಿಂದ ಎದ್ದವರಿಂದಲೇ ಅದನ್ನು ಶುರು ಮಾಡಲಿ.