ಕೋವಿಯ ಬೆನ್ನಿಗೊಂದು ಕಾಗದ

ಬೆಂಗಳೂರಿನಿಂದ ತುಮಕೂರು ರಸ್ತೆ ಹಿಡಿದು, ದಾಸರಹಳ್ಳಿಯ ಎಂಟನೇ ಮೈಲಿಯಲ್ಲಿ ಹೆಸರಘಟ್ಟದ ಕಡೆಗೆ ಹೊರಳಿದರೆ ಬಾಗಲಗುಂಟೆ ಸಿಗುತ್ತದೆ. 2007ರಲ್ಲಿ ದಾಸರಹಳ್ಳಿ ನಗರಸಭೆಯ ಜೊತೆಗೇ ಬೆಂಗಳೂರು ಮಹಾನಗರದೊಳಕ್ಕೆ ಸೇರಿಹೋದ ಈ ಪ್ರದೇಶ ಹಿಂದೆ ಹೊಲ, ತೋಟಗಳ ಸೀಮೆ. ಇಂಥ ಊರುಗಳ ಹಳೆಯ ಮನೆಗಳಲ್ಲಿ ಒಮ್ಮೊಮ್ಮೆ ಒಂದು ವಿಚಿತ್ರ ಸಮಸ್ಯೆ ಎದುರಾಗುತ್ತದೆ. ಮನೆಯ ಯಜಮಾನರು ತೀರಿಕೊಳ್ಳುತ್ತಾರೆ. ತಿಥಿ ಕರ್ಮಗಳೆಲ್ಲ ಮುಗಿದ ಮೇಲೆ ಮಕ್ಕಳು ಬೀರು ತೆರೆಯುತ್ತಾರೆ. ಹಿಂದೆಂದೋ ಬೆಳೆ ಕಾಯಲು ಕೊಂಡ ಒಂಟಿ ನಳಿಗೆಯ ಬಂದೂಕು ಅಲ್ಲಿರುತ್ತದೆ. ಪಕ್ಕದಲ್ಲಿ ಮೊಹರು ಬಿದ್ದ ಪರವಾನಗಿ ಪುಸ್ತಕ. ಬೆಳೆ ಹೋಗಿ ಎಷ್ಟೋ ವರ್ಷವಾಗಿದೆ, ಬಂದೂಕು ಮಾತ್ರ ಉಳಿದಿದೆ.

ಹೊಲ, ಮನೆ, ಒಡವೆ ಎಲ್ಲವೂ ತಂದೆಯಿಂದ ಮಕ್ಕಳಿಗೆ ಬರುತ್ತವೆ. ಪರವಾನಗಿ ಹಾಗೆ ಬರುವುದಿಲ್ಲ. ಅದು ಪಡೆದವರ ಹೆಸರಿಗೆ ಅಂಟಿಕೊಂಡದ್ದು, ಅವರೊಂದಿಗೇ ಮುಗಿಯುವಂಥದ್ದು. ನಿನ್ನೆಯವರೆಗೆ ಕಾನೂನುಬದ್ಧವಾಗಿದ್ದ ವಸ್ತು ಇಂದು, ಯಾರೂ ಮುಟ್ಟದೆಯೇ, ಅಪರಾಧದ ವಸ್ತುವಾಗಬಹುದು. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಎರಡರಿಂದ ಐದು ವರ್ಷ ಸೆರೆವಾಸ. ಬಂದೂಕಿಗಿಂತ ಅದರ ಬೆನ್ನಿಗಿರುವ ಕಾಗದಕ್ಕೇ ಹೆಚ್ಚು ತೂಕ ಬಂದದ್ದು ಹೇಗೆ? ಕನ್ನಡ ನಾಡಿನಲ್ಲಿ ಈ ಕಥೆ ಆರಂಭವಾಗುವುದು ಠಾಣೆಯ ಮೇಜಿನ ಮುಂದೆ ಅಲ್ಲ, ಸುಟ್ಟುಹೋದ ಒಂದು ಹಳ್ಳಿಯಲ್ಲಿ.

1857ರಲ್ಲಿ ಉತ್ತರ ಭಾರತದ ಸಿಪಾಯಿಗಳು ದಂಗೆಯೆದ್ದಾಗ ಕಂಪನಿ ಸರ್ಕಾರ ಗಾಬರಿಬಿದ್ದು ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಿತು. ಜನರು ತಮ್ಮಲ್ಲಿರುವ ಆಯುಧಗಳನ್ನು ಸರ್ಕಾರಕ್ಕೆ ತೋರಿಸಿ ನೋಂದಾಯಿಸಬೇಕು, ಒಪ್ಪಿಸಬೇಕು ಎಂಬ ಹುಕುಮು ದಕ್ಷಿಣ ಮರಾಠಾ ಸೀಮೆಯ ಚಿಕ್ಕಪುಟ್ಟ ಸಂಸ್ಥಾನಗಳಿಗೂ ಬಂತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯಲ್ಲಿ ಬೇಡರ ಮನೆಗಳು ಹೆಚ್ಚು. ಬೇಟೆ ಅವರ ಬದುಕು, ಕಾವಲು ಅವರ ಕಸುಬು. ಆಯುಧ ಕೊಟ್ಟುಬಿಟ್ಟರೆ ಉಳಿಯುವುದೇನು ಎಂಬ ಪ್ರಶ್ನೆ ಅವರಿಗೆ ಹೊಟ್ಟೆಯದೂ ಹೌದು, ಮಾನದ್ದೂ ಹೌದು.

ಹಲಗಲಿಯ ಬೇಡರ ಮೇಲೆ ಕಟ್ಟಿದ ಲಾವಣಿಯನ್ನು ನಮ್ಮ ಶಾಲೆಯ ಮಕ್ಕಳು ಪಠ್ಯದಲ್ಲಿ ಓದಿದ್ದಾರೆ. ಶಾಸನತಜ್ಞ ಫ್ಲೀಟ್ ಸಾಹೇಬರು ಕನ್ನಡದ ಕೆಲವು ಲಾವಣಿಗಳನ್ನು ಸಂಗ್ರಹಿಸಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸತೊಡಗಿದಾಗಿನಿಂದ ವಿದ್ವಾಂಸರ ಗಮನ ಈ ಬಗೆಯ ಹಾಡುಗಳ ಕಡೆಗೆ ಹರಿಯಿತು. ಲಾವಣಿಯ ಪ್ರಕಾರ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಆಯುಧ ಕೊಡುವುದಿಲ್ಲವೆಂದು ಪಟ್ಟು ಹಿಡಿದರು. ಸ್ವಾರಸ್ಯದ ಸಂಗತಿಯೆಂದರೆ, ಮೊದಲ ಏಟು ಬಿದ್ದದ್ದು ಯಾವ ದಂಡನಾಯಕನಿಗೂ ಅಲ್ಲ, ಹುಕುಮು ಹೊತ್ತು ಬಂದಿದ್ದ ಕಾರಕೂನನ ಕಪಾಳಕ್ಕೆ. ಕಾಗದ ತಂದವನೇ ಸರ್ಕಾರ ಎಂದು ಆ ಜನ ಸರಿಯಾಗಿಯೇ ಗುರುತಿಸಿದ್ದರು.

ಆದರೆ ಕಾಗದದ ಹಿಂದೆ ದಂಡು ಇತ್ತು. 1857ರ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ಪಡೆ ಹಲಗಲಿಯನ್ನು ಮುತ್ತಿ ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. 13 ಮಂದಿಯನ್ನು ಮುಧೋಳದಲ್ಲಿ, ಉಳಿದ ಆರು ಮಂದಿಯನ್ನು ಹಲಗಲಿಯಲ್ಲೇ, ಊರವರ ಕಣ್ಣೆದುರಿಗೆ. ಲಾವಣಿಕಾರ ಕೊನೆಯಲ್ಲಿ ಊರಿನಿಂದ ಲೂಟಿಯಾದ ವಸ್ತುಗಳ ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಕೊಡಲಿ, ಕುಡಗೋಲುಗಳ ಜೊತೆಗೆ ಬೆಲ್ಲ, ಬೆಣ್ಣೆ, ಮಂಗಳಸೂತ್ರ, ಕೊನೆಗೆ ಬೀಸುವ ಕಲ್ಲೂ ಇದೆ. ಆಯುಧ ಹುಡುಕಲು ಬಂದವರಿಗೆ ಬೀಸುವ ಕಲ್ಲಿನಲ್ಲಿ ಏನು ಕೆಲಸ ಎಂದು ಹಾಡು ಕೇಳುವುದಿಲ್ಲ. ಪಟ್ಟಿ ಕೊಟ್ಟು ಸುಮ್ಮನಾಗುತ್ತದೆ. ಮರುವರ್ಷ ಮುಂಡರಗಿಯ ಭೀಮರಾಯ, ಹಮ್ಮಿಗಿಯ ಕೆಂಚನಗೌಡ ಎದ್ದ ಬಂಡಾಯದಲ್ಲೂ ಸರ್ಕಾರ ಹಿಡಿದಿಟ್ಟ ಆಯುಧಗಳೇ ಕಿಡಿಯಾದವು. ಭೀಮರಾಯ ಕೊಪ್ಪಳದ ಕೋಟೆಯಲ್ಲಿ 1858ರ ಜೂನ್ ತಿಂಗಳ ಮೊದಲ ದಿನ ಮಡಿದ.

ಹಲಗಲಿಯ ಬೂದಿ ಆರಿ ನಾಲ್ಕು ವರ್ಷವೂ ಆಗಿರಲಿಲ್ಲ, ಕನ್ನಡ ನಾಡಿನ ಇನ್ನೊಂದು ಮೂಲೆಯಲ್ಲಿ ಅದೇ ಸರ್ಕಾರ ನೇರ ವಿರುದ್ಧವಾದ ಕಾಗದವನ್ನು ಹೊರಡಿಸಿತು. 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಕಾರಣ ಶೌರ್ಯದ ಮೆಚ್ಚುಗೆ ಎಂದು ಹೇಳಲಾಯಿತು. ಮೆಚ್ಚುಗೆಯ ಹಿಂದೆ ಲೆಕ್ಕಾಚಾರವೂ ಇತ್ತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಗೆ, 1837ರ ಅಮರಸುಳ್ಯ ದಂಗೆಯಲ್ಲಿ ಅನೇಕ ಕೊಡವರು ನೆರವಾಗಿದ್ದರು. ಅದಕ್ಕಾಗಿ ಪದಕವನ್ನೇ ಟಂಕಿಸಿ ಹಂಚಲಾಗಿತ್ತು. 1857ರಲ್ಲೂ ಕೊಡಗು ಶಾಂತವಾಗಿತ್ತು. ನಂಬಿದವರಿಗೆ ಕೋವಿ, ನಂಬದವರಿಗೆ ಗಲ್ಲು ಎಂಬುದೇ ಆ ಕಾಲದ ನೀತಿ.

ಕೊಡಗಿನಲ್ಲಿ ಕೋವಿ ಬರಿಯ ಆಯುಧವಲ್ಲ ಎಂಬುದೂ ಅಷ್ಟೇ ನಿಜ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ನೆರೆಯವರಿಗೆ ಸುದ್ದಿ ತಿಳಿಯುತ್ತಿದ್ದುದೇ ಆ ಸದ್ದಿನಿಂದ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಗುಂಡಿನ ಸದ್ದು ಬೇಕು. ರಾಜರ ಕಾಲದಲ್ಲಿ ಕರೆ ಬಂದಾಗ ದಂಡಿಗೆ ಹೋಗಬೇಕೆಂಬ ಕರಾರಿನ ಮೇಲೆ ಕಡಿಮೆ ಕಂದಾಯಕ್ಕೆ ಕೊಟ್ಟ ಜಮ್ಮಾ ಭೂಮಿಯ ವ್ಯವಸ್ಥೆಗೂ ಕೋವಿಗೂ ಹೀಗೆ ಗಂಟು ಬಿದ್ದಿತ್ತು.

ಉಳಿದ ಭಾರತೀಯರ ಪಾಡು ಬೇರೆ. ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯಿದೆ ಇಡೀ ದೇಶಕ್ಕೆ ಪರವಾನಗಿಯ ಪದ್ಧತಿಯನ್ನು ಹೇರಿತು. ಬಂದೂಕು ಮಾತ್ರವಲ್ಲ, ಕತ್ತಿ, ಭರ್ಜಿ, ಬಿಲ್ಲು ಬಾಣಗಳೂ ಅದರ ಪ್ರಕಾರ ಆಯುಧಗಳೇ. ಆದರೆ ಯುರೋಪಿಯನ್ನರಿಗೆ ನಿಯಮಗಳಿಂದ ವಿನಾಯಿತಿ. ಊರಿನ ಪಟೇಲ ಹಂದಿ ಓಡಿಸಲು ಅರ್ಜಿ ಹಾಕಬೇಕು, ತೋಟದ ಬಿಳಿಯ ಮ್ಯಾನೇಜರ್ ಹುಲಿ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ. ಈ ಭೇದ ಹೋದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಈ ಕಾಯಿದೆಯ ನೋವು ಎಷ್ಟು ಆಳವಾಗಿತ್ತೆಂದರೆ, ಗಾಂಧೀಜಿಯವರ ಅಹಿಂಸೆಯನ್ನು ಒಪ್ಪಿದ ಕಾಂಗ್ರೆಸ್ಸೇ 1931ರ ಕರಾಚಿ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಕ್ಕೊಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಸೇರಿಸಿತು.

ಸ್ವಾತಂತ್ರ್ಯ ಬಂತು, ಸಂವಿಧಾನದಲ್ಲಿ ಆ ಹಕ್ಕು ಬರಲಿಲ್ಲ. 1959ರ ಆಯುಧ ಕಾಯಿದೆ 1962ರ ಅಕ್ಟೋಬರಿನಲ್ಲಿ ಜಾರಿಯಾಯಿತು. ಕತ್ತಿ, ಕಠಾರಿಗಳನ್ನು ಸರ್ಕಾರ ವಿಶೇಷವಾಗಿ ಸೂಚಿಸಿದ ಪ್ರದೇಶಗಳ ಹೊರಗೆ ಪರವಾನಗಿಯಿಂದ ಬಿಟ್ಟಿತು, ಬಂದೂಕನ್ನು ಬಿಡಲಿಲ್ಲ. ರೈತನನ್ನು ಅದು ಪೂರ್ತಿ ಮರೆಯಲೂ ಇಲ್ಲ. ನಿಜವಾಗಿ ಬೆಳೆ ಕಾಯಲು ಬೇಕಾದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕೆಂದೇ ಕಾಯಿದೆಯಲ್ಲಿ ಬರೆದಿದೆ. 1963ರ ಅಧಿಸೂಚನೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಹಳೆಯ ವಿನಾಯಿತಿಯನ್ನು ಮುಂದುವರಿಸಿತು. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಸಮಾನತೆಗೆ ಇದು ವಿರುದ್ಧವೆಂಬ ತಕರಾರನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಹಾಗೆಂದು ಕೊಡಗಿನವರು ಕಾಗದದಿಂದ ಪಾರಾದರು ಎನ್ನುವಂತಿಲ್ಲ. ವಿನಾಯಿತಿ ಇದೆ ಎಂದು ತೋರಿಸಲು ಜಿಲ್ಲಾಡಳಿತ ಕೊಡುವ ವಿನಾಯಿತಿ ಪತ್ರ ಬೇಕು!

ಉಳಿದವರಿಗೆ ದಾರಿ ಇನ್ನೂ ಉದ್ದ. ಜಿಲ್ಲೆಗಳಲ್ಲಿ ಪರವಾನಗಿ ಕೊಡುವ ಅಧಿಕಾರ ಜಿಲ್ಲಾ ದಂಡಾಧಿಕಾರಿಗಳಾದ ಜಿಲ್ಲಾಧಿಕಾರಿಗಳದು. 1963ರಲ್ಲಿ ಪೊಲೀಸ್ ಕಮಿಷನರ್ ವ್ಯವಸ್ಥೆ ಬಂದ ಬೆಂಗಳೂರು ನಗರದಲ್ಲಿ ಅದು ಕಮಿಷನರ್ ಅವರದು. ನಗರ ಬೆಳೆದಂತೆ ಬಾಗಲಗುಂಟೆಯೂ ಆ ವ್ಯಾಪ್ತಿಗೆ ಬಂದು ಈಗ ಅಲ್ಲೇ ಠಾಣೆಯಿದೆ. ಅರ್ಜಿ ಈಗ ಕಂಪ್ಯೂಟರಿನಲ್ಲಿ ಹೋಗುತ್ತದೆ. ಪ್ರತಿ ಪರವಾನಗಿದಾರನಿಗೂ ದೇಶಕ್ಕೆಲ್ಲ ಒಂದೇ ಸಂಖ್ಯೆ ಇರುತ್ತದೆ. ಆದರೂ ಅರ್ಜಿ ಕೊನೆಗೆ ಹತ್ತಿರದ ಠಾಣೆಗೆ ಇಳಿಯಲೇಬೇಕು. ಅರ್ಜಿದಾರ ಎಂಥವನು, ಕೇಸುಗಳಿವೆಯೇ, ಕೇಳಿದ ಕಾರಣ ನಿಜವೇ ಎಂದು ಠಾಣಾಧಿಕಾರಿ ವರದಿ ಬರೆಯಬೇಕು. 2016ರ ನಿಯಮಗಳು ಇದಕ್ಕೆ 30 ದಿನಗಳ ಗಡುವು ಹಾಕಿವೆ; ಬಂದೂಕನ್ನು ಸುರಕ್ಷಿತವಾಗಿ ಬಳಸುವ ತರಬೇತಿ, ವೈದ್ಯರ ಪ್ರಮಾಣಪತ್ರಗಳನ್ನೂ ಸೇರಿಸಿವೆ. ಪರವಾನಗಿ ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣವನ್ನು ಬರೆದು ತಿಳಿಸಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೇರಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕಿಳಿದವು.

ಇನ್ನು ಬೀರುವಿನ ಆ ಬಂದೂಕು. ಸಲ್ಲದ ಆಯುಧವನ್ನು ವಿನಾಕಾರಣ ತಡಮಾಡದೆ ಹತ್ತಿರದ ಠಾಣೆಯಲ್ಲಾಗಲಿ, ಪರವಾನಗಿ ಇರುವ ಬಂದೂಕು ವ್ಯಾಪಾರಿಯಲ್ಲಾಗಲಿ ಒಪ್ಪಿಸಬೇಕೆಂದು ಕಾಯಿದೆಯ 21ನೇ ಕಲಮು ಹೇಳುತ್ತದೆ. ಒಪ್ಪಿಸಿದ ಮಾತ್ರಕ್ಕೆ ಅದು ಕೈಬಿಟ್ಟಂತಲ್ಲ. ವಾರಸುದಾರ ತನ್ನ ಹೆಸರಿಗೆ ಪರವಾನಗಿ ಪಡೆದರೆ ಮರಳಿ ಪಡೆಯಬಹುದು, ಅಥವಾ ಅರ್ಹರಿಗೆ ಮಾರಬಹುದು. ತಿಳಿದವರು ಮೊದಲು ಬರಿಗೈಯಲ್ಲಿ ಹೋಗುತ್ತಾರೆ. ಮರಣಪತ್ರ ಮತ್ತು ಪರವಾನಗಿ ಪುಸ್ತಕದ ನಕಲಿನೊಂದಿಗೆ ಬರಹದಲ್ಲಿ ತಿಳಿಸಿ, ಬಂದೂಕನ್ನು ಯಾವಾಗ, ಹೇಗೆ ತರಬೇಕೆಂದು ಕೇಳಿಕೊಂಡು ಬರುತ್ತಾರೆ. ತೋಟೆ ತುಂಬಿದೆಯೇ ಎಂದು ನೋಡಲು ಬಾರದವರು ಅದನ್ನು ಮುಟ್ಟದಿರುವುದೇ ಒಳ್ಳೆಯದು. ಹಿರಿಯರು ಬದುಕಿರುವಾಗಲೇ ದಾರಿ ಮಾಡಿಕೊಳ್ಳುವುದಾದರೆ ಅದಕ್ಕೂ ನಿಯಮವಿದೆ: 70 ವರ್ಷ ತುಂಬಿದವರು, ಇಲ್ಲವೇ 25 ವರ್ಷ ಬಂದೂಕು ಇಟ್ಟುಕೊಂಡವರು ವಾರಸುದಾರರ ಹೆಸರಿಗೆ ಬದಲಾಯಿಸಲು ಕೋರಬಹುದು.

ಒಪ್ಪಿಸುವ ಈ ಕ್ರಮ ಮಲೆನಾಡಿನವರಿಗೂ ಕರಾವಳಿಯವರಿಗೂ ಚೆನ್ನಾಗಿ ಗೊತ್ತು. ಚುನಾವಣೆ ಘೋಷಣೆಯಾದರೆ ಸಾಕು, ಕೋವಿಗಳು ಠಾಣೆಯ ಹಾದಿ ಹಿಡಿಯಬೇಕು. ಬ್ಯಾಂಕಿನ ಕಾವಲುಗಾರರಿಗೆ ರಿಯಾಯಿತಿ ಸಿಗುತ್ತದೆ. ಅಡಕೆ ತೋಟದ ಯಜಮಾನನಿಗೆ ಅದು ಸುಲಭವಲ್ಲ. ಯಾರಿಂದ ಪಡೆಯಬೇಕೆಂದು ಒಬ್ಬೊಬ್ಬರ ವಿಷಯ ಪರಿಶೀಲಿಸಲು ಸಮಿತಿ ಇರಬೇಕೆನ್ನುವುದು ಚುನಾವಣಾ ಆಯೋಗದ ಸೂಚನೆ. ಎಲ್ಲರಿಂದಲೂ ಸಾರಾಸಗಟಾಗಿ ಪಡೆಯುವ ರೂಢಿಯನ್ನು ರೈತರು ಆಕ್ಷೇಪಿಸುತ್ತಲೇ ಬಂದಿದ್ದಾರೆ. ಕಾಡುಹಂದಿಗೆ, ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲವಲ್ಲ.

ಕೊಟ್ಟು ಬರುವಾಗ ಅನುಭವಸ್ಥರು ಒಂದನ್ನು ಮಾತ್ರ ಬಿಟ್ಟು ಬರುವುದಿಲ್ಲ: ರಸೀತಿ. ಅದರಲ್ಲಿ ಕೋವಿಯ ಮೇಲೆ ಕೊರೆದ ಸಂಖ್ಯೆ, ತಯಾರಕರ ಹೆಸರು, ಒಪ್ಪಿಸಿದ ತೋಟೆಗಳ ಲೆಕ್ಕ, ತಾರೀಖು, ಠಾಣೆಯ ಮೊಹರು ಇವೆಯೇ ಎಂದು ಅಲ್ಲೇ ನಿಂತು ಓದುತ್ತಾರೆ. ಸಂಖ್ಯೆಯ ಒಂದು ಅಂಕಿ ತಪ್ಪಿದ್ದರೂ ತಿದ್ದಿಸಿಕೊಂಡೇ ಠಾಣೆಯ ಮೆಟ್ಟಿಲಿಳಿಯುತ್ತಾರೆ.