ಬೆಟ್ಟದಾಚೆಯ ಸೀಮೆ, ಸುಂಕದ ಪತ್ರಗಳು
ಜೆಕ್ಸ್ ಸೀಮೆ, ಫ್ರಾನ್ಸ್, 1775

ಜೆಕ್ಸ್ ಸೀಮೆ 1601ರಲ್ಲೇ ಫ್ರಾನ್ಸಿಗೆ ಸೇರಿತ್ತು. ಆದರೆ ನಡುವೆ ಜುರಾ ಬೆಟ್ಟಸಾಲು ಅಡ್ಡ. ಇಲ್ಲಿನವರಿಗೆ ಹತ್ತಿರದ ಪೇಟೆ ಗಡಿಯಾಚೆಯ ಜಿನೀವಾ. ರಾಜನಿಂದ ತೆರಿಗೆ ಗುತ್ತಿಗೆ ಹಿಡಿದಿದ್ದ ‘ಫೆರ್ಮ್ ಜನರಾಲ್’ ಸಂಸ್ಥೆಯ ಕಾವಲಿನವರು ಸರಕು ತಡೆದು ಸುಂಕ ವಸೂಲು ಮಾಡುತ್ತಿದ್ದರು. ಎಲ್ಲಕ್ಕಿಂತ ನೋಯಿಸಿದ್ದು ಉಪ್ಪಿನ ತೆರಿಗೆ. ಬಡವರ ಮನೆಯ ಸಾರಿಗೂ ಉಪ್ಪು ಬೇಕಲ್ಲ!

ಇದೇ ಸೀಮೆಯ ಫೆರ್ನೆಯಲ್ಲಿ ನೆಲೆಸಿದ್ದ ಲೇಖಕ ವೋಲ್ಟೇರ್, ಎಂಬತ್ತು ದಾಟಿದ ವಯಸ್ಸಿನಲ್ಲೂ, ಹಣಕಾಸು ಸಚಿವ ತ್ಯುರ್ಗೊ ಅವರಿಗೆ ಈ ಬಗ್ಗೆ ಮತ್ತೆ ಮತ್ತೆ ಬರೆದರು. ಇಂಥ ಪತ್ರಗಳಲ್ಲಿ ಅಂಕಿಗಳೇ ಹೆಚ್ಚು. ಒಂದೊಂದು ಅಂಕಿಯ ಹಿಂದೆಯೂ ಒಂದೊಂದು ಹಳ್ಳಿಯ ಒಲೆಯಿದೆ. ಸೀಮೆಯನ್ನು ಈ ಸುಂಕಗಳಿಂದ ಬಿಡುವುದಕ್ಕೆ ಬದಲಾಗಿ ಗುತ್ತಿಗೆದಾರರಿಗೆ ವರ್ಷಕ್ಕೆ 30,000 ಲಿವ್ರ್ (ಆಗಿನ ಫ್ರೆಂಚ್ ನಾಣ್ಯ) ಪರಿಹಾರವೆಂದು ಕೊನೆಗೆ ತೀರ್ಮಾನವಾಯಿತು. 1775ರ ಡಿಸೆಂಬರ್‌ನಲ್ಲಿ ಸೀಮೆಯ ಪ್ರತಿನಿಧಿಗಳು ಸಭೆ ಸೇರಿ ಅದಕ್ಕೆ ಒಪ್ಪಿದರು.